ಲೆಕ್ಕಕ್ಕೆ ಸಿಗದ ವರ್ಚಸ್ಸು: ಮುಖ್ಯ ಚುನಾವಣಾ ಆಯುಕ್ತರಿಗೆ ಬಹಿರಂಗ ಪತ್ರ

ಮಾನ್ಯರೇ,

ಕರ್ನಾಟಕದಂತಹ ದೊಡ್ಡ ರಾಜ್ಯದಲ್ಲಿ ವಿಧಾನಸಭಾ ಅಭ್ಯರ್ಥಿಯ ವೆಚ್ಚಕ್ಕೆ 2022ರಲ್ಲಿ ನಿಗದಿಯಾದ ಮಿತಿ 40 ಲಕ್ಷ ರೂಪಾಯಿ, ಲೋಕಸಭಾ ಅಭ್ಯರ್ಥಿಗೆ 95 ಲಕ್ಷ. 1951ರ ಜನಪ್ರತಿನಿಧಿ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ ಈ ಲೆಕ್ಕ ಶುರುವಾಗುವುದು ನಾಮಪತ್ರದ ದಿನ, ಮುಗಿಯುವುದು ಫಲಿತಾಂಶದ ದಿನ. ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ನಾಯಕನ ವರ್ಚಸ್ಸು ತಯಾರಾಗುವುದಂತೂ ನಾಮಪತ್ರಕ್ಕಿಂತ ಎಷ್ಟೋ ಮೊದಲು, ಬಹಳಷ್ಟು ಬೇರೆಯವರ ದುಡ್ಡಿನಲ್ಲಿ.

ಸರ್ಕಲ್‌ನಲ್ಲಿ ನಿಲ್ಲುವ ಹುಟ್ಟುಹಬ್ಬದ ಫ್ಲೆಕ್ಸ್ ಇದರ ಚಿಕ್ಕ ರೂಪ. ನಡುವೆ ಕೈಮುಗಿದ ನಾಯಕ, ಮೇಲಿನ ಸಾಲಿನಲ್ಲಿ ಹೈಕಮಾಂಡ್, ಕೆಳಗೆ ಪಾಸ್‌ಪೋರ್ಟ್ ಅಳತೆಯ ಹತ್ತಾರು ಮುಖಗಳು, ‘ಶುಭ ಕೋರುವವರು: ಅಭಿಮಾನಿ ಬಳಗ’. ಗುತ್ತಿಗೆದಾರರು, ಲೇಔಟ್ ಮಾಡುವವರು ಈ ಬಳಗದಲ್ಲಿ ಅಪರೂಪವೇನಲ್ಲ. ಚುನಾವಣಾ ಪೋಸ್ಟರಾದರೆ 127ಎ ಸೆಕ್ಷನ್‌ನಂತೆ ಮುದ್ರಕ, ಪ್ರಕಾಶಕರ ಹೆಸರು, ವಿಳಾಸ ಹಾಕಲೇಬೇಕು. ಹುಟ್ಟುಹಬ್ಬಕ್ಕೆ ಆ ಕಟ್ಟುಪಾಡಿಲ್ಲ.

ಹಣ ಹೆಚ್ಚಿದಂತೆ ಫ್ಲೆಕ್ಸ್‌ನ ಜಾಗಕ್ಕೆ ಪತ್ರಿಕೆ, ಚಾನೆಲ್ ಬರುತ್ತವೆ. 2009ರ ಚುನಾವಣೆಗಳಲ್ಲಿ ‘ಪ್ಯಾಕೇಜ್’ ಹೆಸರಿನಲ್ಲಿ ಸುದ್ದಿಯೇ ಮಾರಾಟವಾದದ್ದನ್ನು ಪತ್ರಿಕಾ ಮಂಡಳಿ 2010ರಲ್ಲಿ ಪರಿಶೀಲಿಸಿತು. 2011ರಲ್ಲಿ ಆಯೋಗ ಉತ್ತರ ಪ್ರದೇಶದ ಬಿಸೌಲಿ ಶಾಸಕಿಯನ್ನು ಮೂರು ವರ್ಷ ಅನರ್ಹಗೊಳಿಸಿದ್ದೂ ಕಾಸಿನ ಸುದ್ದಿಯ ವೆಚ್ಚ ಮುಚ್ಚಿಟ್ಟದ್ದಕ್ಕೆ. ಆದರೆ ಚಾನೆಲ್ಲನ್ನೇ ಕೊಂಡ ಉದ್ಯಮಿಗೆ ಪ್ಯಾಕೇಜಿನ ಹಂಗಿಲ್ಲ. ಯಾರನ್ನು ತೋರಿಸಬೇಕು ಎನ್ನುವುದಷ್ಟೇ ಅಲ್ಲ, ಯಾವ ಹಗರಣ ಚರ್ಚೆಗೇ ಬರಬಾರದು ಎನ್ನುವುದನ್ನೂ ಮಾಲೀಕನೇ ತೀರ್ಮಾನಿಸಬಲ್ಲ. ಇದಕ್ಕೆ ರಸೀದಿ ಇರುವುದಿಲ್ಲ.

ಅಭ್ಯರ್ಥಿಯ ಲಿಖಿತ ಒಪ್ಪಿಗೆಯಿಲ್ಲದೆ ಆತನ ಗೆಲುವಿಗಾಗಿ ಪ್ರಚಾರಕ್ಕೆ ಹಣ ಸುರಿಯುವುದು ಅಪರಾಧವೇ. ಹಳೆಯ ದಂಡ ಸಂಹಿತೆಯಲ್ಲಿ ಇದಕ್ಕೆ ಗರಿಷ್ಠ 500 ರೂಪಾಯಿ ದಂಡವಿತ್ತು. ಭಾರತೀಯ ನ್ಯಾಯ ಸಂಹಿತೆಯ 176ನೇ ಸೆಕ್ಷನ್ ಅದನ್ನು 10,000ಕ್ಕೆ ಏರಿಸಿದೆ. ಮುಖಪುಟದ ಜಾಹೀರಾತು ಕೊಡುವವರಿಗೆ ಇದು ಚಿಲ್ಲರೆ.

ಪಕ್ಷಕ್ಕೆ ಹಣ ಕೊಟ್ಟವರು ಯಾರೆಂದು ತಿಳಿಯುವುದು ಮತದಾರರ ಹಕ್ಕು ಎಂದು ಸುಪ್ರೀಂ ಕೋರ್ಟ್ 2024ರ ಫೆಬ್ರವರಿ 15ರಂದು ಚುನಾವಣಾ ಬಾಂಡ್ ರದ್ದುಪಡಿಸುವಾಗ ಹೇಳಿತು. ವರ್ಚಸ್ಸಿಗೆ ಹಣ ಕೊಟ್ಟವರ ವಿಷಯದಲ್ಲಿ ಈ ಮಾತು ಯಾಕೆ ಅನ್ವಯಿಸಬಾರದು? ಲೆಕ್ಕವನ್ನು ಅಧಿಸೂಚನೆಯ ದಿನದಿಂದಲೇ ಹಿಡಿಯಬೇಕೆಂದು ಕಾನೂನು ಆಯೋಗ 2015ರ 255ನೇ ವರದಿಯಲ್ಲಿ ಶಿಫಾರಸು ಮಾಡಿತ್ತು. ಅದರಿಂದ ದಕ್ಕುವುದು ಹೆಚ್ಚೆಂದರೆ ಒಂದು ವಾರ. ಬ್ರಿಟನ್‌ನಲ್ಲಿ ಸಾರ್ವತ್ರಿಕ ಚುನಾವಣೆಗೆ ಪಕ್ಷಗಳ ವೆಚ್ಚವನ್ನು ಮತದಾನದ ಹಿಂದಿನ 365 ದಿನಗಳಿಂದ ಎಣಿಸುತ್ತಾರೆ. ಪಕ್ಷದ ಹೊರಗಿನ ಪ್ರಚಾರಕರೂ ನಿಗದಿತ ಮೊತ್ತ ಮೀರಿದರೆ ಹೆಸರು ನೋಂದಾಯಿಸಬೇಕು. ಚುನಾವಣಾ ಆಯೋಗವು ಕೇಂದ್ರಕ್ಕೆ ಕಳಿಸುವ ಸುಧಾರಣಾ ಪ್ರಸ್ತಾವಗಳಲ್ಲಿ ಇವೆರಡೂ ಸೇರಬೇಕು.

ಇಂತಿ,
ಒಬ್ಬ ಮತದಾರ