ಯಂತ್ರ ಬದಲಾಗುವಾಗ ಪಾಠ ಉಳಿಯಬೇಕು

ವಿಂಡೋಸ್ 10 ಎಂಬ ಕಾರ್ಯಾಚರಣ ವ್ಯವಸ್ಥೆಗೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದರ ಮುಂದಿನ ಆವೃತ್ತಿಯಾದ ವಿಂಡೋಸ್ 11 ನಿರ್ದಿಷ್ಟ ಭದ್ರತಾ ಚಿಪ್ಪನ್ನೂ ಇತ್ತೀಚಿನ ಪ್ರೊಸೆಸರನ್ನೂ ಬೇಡುವುದರಿಂದ, ಚೆನ್ನಾಗಿ ನಡೆಯುತ್ತಿರುವ ಎಷ್ಟೋ ಯಂತ್ರಗಳು ಅದಕ್ಕೆ ಅನರ್ಹವಾಗಿವೆ. ಹೊಸ ಲ್ಯಾಪ್‌ಟಾಪ್ ಕೊಳ್ಳಬೇಕೇ, ಹಳೆಯದಕ್ಕೇ ಗ್ನು ಲಿನಕ್ಸ್‌ನಂಥ ಮುಕ್ತ ವ್ಯವಸ್ಥೆಯನ್ನು ಅಳವಡಿಸಬೇಕೇ ಎಂಬ ಪ್ರಶ್ನೆ ಈಗ ಅನೇಕ ಸಂಶೋಧನಾರ್ಥಿಗಳ ಮುಂದಿದೆ. ಈ ಚರ್ಚೆ ಸಾಮಾನ್ಯವಾಗಿ ಬೆಲೆ, ಕಂಪನಿ, ವೇಗಗಳ ಸುತ್ತಲೇ ನಡೆಯುತ್ತದೆ. ಕನ್ನಡ ಸಾಹಿತ್ಯ ಮತ್ತು ಶಾಸನಗಳ ಅಭ್ಯಾಸಿ ಮೊದಲು ಕೇಳಿಕೊಳ್ಳಬೇಕಾದುದು ಬೇರೊಂದಿದೆ: ಇಷ್ಟು ವರ್ಷ ಬೆರಳಚ್ಚಿಸಿಟ್ಟ ಪಾಠಗಳು ಹೊಸ ಯಂತ್ರದಲ್ಲಿ ಓದಲು ದೊರೆಯುವವೇ?

ಪ್ರಶ್ನೆಯ ಗಾಂಭೀರ್ಯವನ್ನು ಅರಿಯಲು ಹಾವೇರಿ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ನೋಡಬಹುದು. ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರವು ಜೈನ ವಾಙ್ಮಯದಲ್ಲಿ ಚಿರಸ್ಮರಣೀಯವಾದ ಊರು. ಗುಣಭದ್ರಾಚಾರ್ಯರ ಉತ್ತರಪುರಾಣದ ಪ್ರಶಸ್ತಿ ಶಕ 820ನ್ನೂ ಬಂಕಾಪುರವನ್ನೂ ಲೋಕಾದಿತ್ಯನ ಆಳ್ವಿಕೆಯನ್ನೂ ಒಟ್ಟಿಗೆ ಹೇಳುತ್ತದೆ. ಗಂಗ ಮಾರಸಿಂಹನು ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ಕೈಗೊಂಡುದೂ ಇಲ್ಲಿಯೇ. ಹಿರೇಕೆರೂರು ತಾಲ್ಲೂಕಿನ ಅಬ್ಬಲೂರಿನ ಶಾಸನವು ಏಕಾಂತದ ರಾಮಯ್ಯನಿಗೂ ಜೈನರಿಗೂ ನಡೆದ ವಿವಾದವನ್ನು ಶೈವಪಕ್ಷದಿಂದ ನಿರೂಪಿಸುತ್ತದೆ. ಫ್ಲೀಟ್ ಅದನ್ನು ಎಪಿಗ್ರಾಫಿಯ ಇಂಡಿಕಾದ ಐದನೆಯ ಸಂಪುಟದಲ್ಲಿ ರೋಮನ್ ಲಿಪ್ಯಂತರದಲ್ಲಿ ಪ್ರಕಟಿಸಿದರು. ಹಾನಗಲ್ಲು ಕದಂಬರ ಪಾನುಂಗಲ್ಲು. ಸವಣೂರಿನ ನವಾಬರ ಚರಿತ್ರೆಯನ್ನು ಬರೆಯಹೊರಟವರಿಗೆ ಕನ್ನಡದೊಡನೆ ಪಾರಸಿ ಮತ್ತು ಮರಾಠಿ ದಾಖಲೆಗಳೂ ಬೇಕಾಗುತ್ತವೆ. ಈ ಸೀಮೆಯ ಅಭ್ಯಾಸಿಯೊಬ್ಬನ ಗಣಕದಲ್ಲಿ ಇವೆಲ್ಲ ಕಡತಗಳಾಗಿ ಕೂಡಿಕೊಂಡಿರುತ್ತವೆ. ಮುದ್ರಿತ ಸಂಪುಟವನ್ನು ನಾಳೆಯೂ ಗ್ರಂಥಾಲಯದಲ್ಲಿ ತೆಗೆದು ನೋಡಬಹುದು. ಆದರೆ ಅಭ್ಯಾಸಿಯೇ ಬಿಡಿಸಿಕೊಂಡ ಪಾಠ, ಗುರುತಿಸಿದ ಪಾಠಾಂತರ, ಬರೆದ ಟಿಪ್ಪಣಿಗಳಿಗೆ ಬೇರೆಲ್ಲಿಯೂ ಪ್ರತಿಯಿರುವುದಿಲ್ಲ.

ಯೂನಿಕೋಡ್ ವ್ಯಾಪಕವಾಗುವ ಮೊದಲು ನುಡಿ, ಬರಹ, ಶ್ರೀಲಿಪಿಗಳಂಥ ತಂತ್ರಾಂಶಗಳೇ ಕನ್ನಡವನ್ನು ಗಣಕಕ್ಕೆ ತಂದವು. ಆ ಉಪಕಾರವನ್ನು ಮರೆಯಲಾಗದು. ಆದರೆ ಅವುಗಳ ಹಳೆಯ ಕ್ರಮದಲ್ಲಿ ಕಡತದೊಳಗೆ ಉಳಿಯುತ್ತಿದ್ದುದು ರೋಮನ್ ಅಕ್ಷರಗಳ ಮತ್ತು ಚಿಹ್ನೆಗಳ ಸಂಕೇತಗಳು. ಅವುಗಳ ಮೇಲೆ ಕನ್ನಡದ ಆಕಾರವನ್ನು ತೊಡಿಸುತ್ತಿದ್ದುದು ಅಕ್ಷರಶೈಲಿ, ಅಂದರೆ ಫಾಂಟ್. ನುಡಿ ಫಾಂಟನ್ನು ತೆಗೆದುಬಿಟ್ಟರೆ ‘ಕನ್ನಡ’ ಎಂಬ ಪದದ ನಡುವೆ ಇಂಗ್ಲೆಂಡಿನ ಪೌಂಡ್ ನಾಣ್ಯದ ಚಿಹ್ನೆ ಕಾಣಿಸುತ್ತದೆ. ಯೂನಿಕೋಡಿನಲ್ಲಿ ಹಾಗಲ್ಲ, ಕನ್ನಡದ ಪ್ರತಿಯೊಂದು ವರ್ಣಕ್ಕೂ ಚಿಹ್ನೆಗೂ ತನ್ನದೇ ಸಂಖ್ಯೆಯಿದೆ. ಫಾಂಟ್ ಯಾವುದಾದರೂ, ವ್ಯವಸ್ಥೆ ಯಾವುದಾದರೂ ಪಾಠ ಬದಲಾಗುವುದಿಲ್ಲ. ಕನ್ನಡ, ಪಾರಸಿ, ನಾಗರಿಗಳನ್ನು ಒಂದೇ ಕಡತದಲ್ಲಿ ಬರೆಯಬಹುದು. ಮೋಡಿ ಲಿಪಿಗೂ 2014ರಿಂದ ಅಲ್ಲಿ ಸ್ಥಾನವಿದೆ.

ಹುಡುಕಾಟಕ್ಕೆ ಇದರಿಂದ ಒದಗುವ ಬಲ ಸಣ್ಣದಲ್ಲ. ಹಾನಗಲ್ಲಿನ ಹೆಸರು ಪಕಾರದಿಂದ ಹಕಾರಕ್ಕೆ ತಿರುಗಿದುದು ಯಾವ ಕಾಲದ ಶಾಸನಗಳಲ್ಲಿ ಎಂದು ತಿಳಿಯಬಯಸುವ ಭಾಷಾಭ್ಯಾಸಿಗೆ ನೂರಾರು ಪಾಠಗಳನ್ನು ಒಮ್ಮೆಗೇ ಶೋಧಿಸುವ ಅನುಕೂಲ ಬೇಕು. ಬೇರೆಬೇರೆ ಫಾಂಟುಗಳಲ್ಲಿ ಚದುರಿದ ಕಡತಗಳಲ್ಲಿ ಅದು ಅಸಾಧ್ಯ. ವಚನಗಳನ್ನು ಪದಪದವಾಗಿ ಹುಡುಕಲು ಅನುವು ಮಾಡಿರುವ ‘ವಚನ ಸಂಚಯ’ ಯೋಜನೆ ಯೂನಿಕೋಡ್ ಪಠ್ಯವಿದ್ದಾಗ ಏನಾಗಬಲ್ಲದೆಂಬುದಕ್ಕೆ ಸಾಕ್ಷಿ.

ಆದುದರಿಂದ ಯಂತ್ರ ಬದಲಿಸುವ ಮುನ್ನ ಪಾಠವನ್ನು ಬದಲಿಸಿಕೊಳ್ಳಬೇಕು. ಪರಿವರ್ತಕ ತಂತ್ರಾಂಶಗಳು ಉಚಿತವಾಗಿಯೇ ದೊರೆಯುತ್ತವೆ. ಆದರೆ ಪರಿವರ್ತಕದಿಂದ ಹೊರಬಂದ ಪಠ್ಯವನ್ನು ಲಿಪಿಕಾರನ ಕೈಯಿಂದ ಬಂದ ಪ್ರತಿಯೆಂದೇ ತಿಳಿಯಬೇಕು; ಸ್ಖಾಲಿತ್ಯಗಳು ಇದ್ದೇ ಇರುತ್ತವೆ. ಹಳೆಯ ಕ್ರಮದಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವಂತೆ ವ್ಯಂಜನದ ಅನಂತರ ಬರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮದಂತೆ ರೇಫವೇ ಮೊದಲು. ಧರ್ಮ, ಕರ್ಮ, ತೀರ್ಥಂಕರ, ನಿರ್ಜರೆ ಮುಂತಾದ ಜೈನ ಪರಿಭಾಷೆಯ ಪದಗಳಲ್ಲೇ ಈ ಸ್ಥಾನಪಲ್ಲಟ ತಪ್ಪಬಹುದು. ನಡುವೆ ಇಂಗ್ಲಿಷ್ ಪದಗಳೋ ಫ್ಲೀಟರ ರೋಮನ್ ಪಾಠದ ಉದ್ಧರಣೆಗಳೋ ಇದ್ದರೆ, ಪರಿವರ್ತಕ ಅವನ್ನೂ ಕನ್ನಡವೆಂದು ಭ್ರಮಿಸಿ ಅರ್ಥಹೀನ ಅಕ್ಷರಗಳನ್ನಾಗಿಸುವುದುಂಟು.

ಹಳಗನ್ನಡದ ಱ ಮತ್ತು ೞ ಅಕ್ಷರಗಳ ವಿಷಯದಲ್ಲಂತೂ ಇಮ್ಮಡಿ ಎಚ್ಚರ ಅಗತ್ಯ. ಯೂನಿಕೋಡ್ ಪಟ್ಟಿಯಲ್ಲಿ ೞಕಾರಕ್ಕೆ ಆರಂಭದಲ್ಲಿ ‘ಫ’ ಎಂಬ ತಪ್ಪು ಹೆಸರು ಬಿದ್ದಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ, ಸರಿಯಾದ ಹೆಸರನ್ನು ಪರ್ಯಾಯನಾಮವಾಗಿ ಸೇರಿಸಬೇಕಾಯಿತು. ಶಾಸನಗಳ ಆದಿಯಲ್ಲಿ ಬರುವ ಸಿದ್ಧಂ ಚಿಹ್ನೆ ಕನ್ನಡದ ವಿಭಾಗಕ್ಕೆ ಸೇರಿದುದು 2018ರಲ್ಲಿ. ಹೊಸ ವ್ಯವಸ್ಥೆಯ ಫಾಂಟಿನಲ್ಲಿ ಇವು ಸರಿಯಾಗಿ ಮೂಡುವವೇ ಎಂಬುದನ್ನು ಕೊಳ್ಳುವ ಮೊದಲೇ ಪರೀಕ್ಷಿಸುವುದು ಒಳಿತು. ೞಕಾರ ಳಕಾರವಾಗಿಬಿಟ್ಟ ಪಾಠದಿಂದ ಶಾಸನದ ಕಾಲನಿರ್ಣಯಕ್ಕೆ ಹೊರಡುವುದು ಅಪಾಯಕರ.

ಕನ್ನಡ ಜೈನ ಪರಂಪರೆಗೆ ಈ ವಿವೇಕ ಹೊಸದಲ್ಲ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ದಾನವಿತ್ತಳೆಂಬುದು ಸರ್ವವಿದಿತ. ಓಲೆ ಜೀರ್ಣವಾಗುತ್ತದೆ, ಪ್ರತಿಯಿಂದಲೇ ಕೃತಿ ಬದುಕುತ್ತದೆ ಎಂಬ ಅರಿವು ಶಾಸ್ತ್ರದಾನದ ಹಿಂದಿದೆ. ಲಿಪಿ ಬದಲಾದಾಗ, ಓಲೆಯಿಂದ ಕಾಗದಕ್ಕೆ ಬಂದಾಗ, ಪುನಃ ಪ್ರತಿಯಾಗದ ಗ್ರಂಥಗಳು ನಷ್ಟವಾದವು. ಇಂದಿನ ಸಂಕೇತಕ್ರಮದ ಬದಲಾವಣೆಯೂ ಅಂಥದೇ ಸಂದರ್ಭ.

ಪಾಠ ಯೂನಿಕೋಡಿಗೆ ಬಂದ ಮೇಲೆ ಕಾರ್ಯಾಚರಣ ವ್ಯವಸ್ಥೆಯ ಆಯ್ಕೆ ಹಗುರಾಗುತ್ತದೆ. ಆಗ ಮುಕ್ತ ವ್ಯವಸ್ಥೆಯ ಪಕ್ಷವೇ ಬಲವಾಗಿ ತೋರುತ್ತದೆ. ಡೆಬಿಯನ್, ಉಬುಂಟು, ಲಿನಕ್ಸ್ ಮಿಂಟ್‌ಗಳಲ್ಲಿ ಲೋಹಿತ್, ಗುಬ್ಬಿ, ನವಿಲು, ನೋಟೊ ಫಾಂಟುಗಳು ದೊರೆಯುತ್ತವೆ. ಕೆ.ಪಿ. ರಾವ್ ವಿನ್ಯಾಸವನ್ನು ಆಧರಿಸಿದ ಕಗಪ ಕೀಲಿಮಣೆಯೂ ಇರುವುದರಿಂದ ನುಡಿಯಲ್ಲಿ ಪಳಗಿದ ಬೆರಳುಗಳು ಹೊಸದಾಗಿ ಕಲಿಯಬೇಕಾದುದು ಹೆಚ್ಚಿಲ್ಲ. ಪುಟಗಳ ಚಿತ್ರದಿಂದ ಕನ್ನಡ ಅಕ್ಷರಗಳನ್ನು ಗುರುತಿಸುವ ಟೆಸರಾಕ್ಟ್ ಕೂಡ ಮುಕ್ತವೇ. ಗಡಿಯಾಚೆಯ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳದ ಶಾಲಾ ಪಠ್ಯಕ್ರಮದ ಅಂಗವಾಗಿ ಗ್ನು ಲಿನಕ್ಸ್‌ನಲ್ಲೇ ಗಣಕವನ್ನು ಕಲಿಯುತ್ತಾರೆ. ಶಾಲಾಬಾಲಕರಿಗೆ ಸಾಧ್ಯವಾದುದು ಸಂಶೋಧಕರಿಗೆ ದುಸ್ಸಾಧ್ಯವೆಂದು ಹೇಳುವಂತಿಲ್ಲ. ಪೆನ್‌ಡ್ರೈವಿನಿಂದಲೇ ವ್ಯವಸ್ಥೆಯನ್ನು ನಡೆಸಿ ನೋಡಿ, ಒಪ್ಪಿಗೆಯಾದರೆ ಮಾತ್ರ ಸ್ಥಾಪಿಸಿಕೊಳ್ಳಬಹುದು.

ಇದಕ್ಕೆ ಆಕ್ಷೇಪವಿಲ್ಲದಿಲ್ಲ. ಕನ್ನಡದ ಅನೇಕ ಮುದ್ರಣಾಲಯಗಳು ಇಂದಿಗೂ ಪೇಜ್‌ಮೇಕರನ್ನು ನೆಚ್ಚಿವೆ. ಅದು ಯೂನಿಕೋಡನ್ನು ಅರಿಯದು. ಲೇಖನವನ್ನು ನುಡಿಯಲ್ಲೇ ಕಳಿಸಿರೆಂದು ಕೇಳುವ ಪತ್ರಿಕೆಗಳೂ ಇವೆ. ವಿಂಡೋಸ್‌ಗಾಗಿ ರಚಿತವಾದ ನುಡಿ ತಂತ್ರಾಂಶ ಲಿನಕ್ಸ್‌ನಲ್ಲಿ ನೇರವಾಗಿ ನಡೆಯದು. ಅದರ ಫಾಂಟನ್ನು ಸ್ಥಾಪಿಸಿಕೊಂಡು ಹಳೆಯ ಕಡತಗಳನ್ನು ಓದಬಹುದು, ಅಷ್ಟೆ. ಅಚ್ಚಿನ ಈ ನಿರ್ಬಂಧ ನಿಜವಾದರೂ ಮೂಲಪ್ರತಿಯ ಸ್ವರೂಪವನ್ನು ಅದು ನಿರ್ಧರಿಸಬೇಕಾಗಿಲ್ಲ. ಮೂಲ ಯೂನಿಕೋಡಿನಲ್ಲಿದ್ದು, ಮುದ್ರಕನಿಗೆ ಕೊಡುವ ದಿನ ಹಳೆಯ ಕ್ರಮಕ್ಕೆ ಪರಿವರ್ತಿಸಿಕೊಟ್ಟರೆ ಸಾಕು. ಹಳೆಯ ಫಾಂಟಿನ ಕಡತವನ್ನೇ ಮೂಲವಾಗಿ ಉಳಿಸಿಕೊಳ್ಳುವುದು, ಅಚ್ಚಾದ ಮೇಲೆ ಹಸ್ತಪ್ರತಿಯನ್ನು ಗೆದ್ದಲಿಗೆ ಬಿಟ್ಟಂತೆ.

ಇನ್ನು ಲ್ಯಾಪ್‌ಟಾಪಿನ ಮಾತು. ಯೂನಿಕೋಡಿನ ರೂಢಿಯ ಕ್ರಮದಲ್ಲಿ ಕನ್ನಡದ ಒಂದು ಸಂಕೇತಕ್ಕೆ ಮೂರು ಬೈಟು ಬೇಕು. ಹತ್ತು ಲಕ್ಷ ಸಂಕೇತಗಳ ಬೃಹದ್ಗ್ರಂಥವೂ ಸುಮಾರು 3 ಮೆಗಾಬೈಟಿನಲ್ಲಿ ಅಡಗುತ್ತದೆ. ಸಾಹಿತ್ಯಾಭ್ಯಾಸಕ್ಕೆ ದುಬಾರಿ ಯಂತ್ರ ಬೇಕಿಲ್ಲ. 8 ಗಿಗಾಬೈಟ್ ಸ್ಮೃತಿ, ಎಸ್‌ಎಸ್‌ಡಿ ಸಂಗ್ರಹ, ಕಣ್ಣಿಗೆ ಶ್ರಮವಾಗದ ಪರದೆ, ಗಟ್ಟಿಯಾದ ಕೀಲಿಮಣೆ, ಹಳ್ಳಿಯ ಗುಡಿಯಂಗಳದಲ್ಲಿ ಅರ್ಧ ದಿನವಾದರೂ ತಾಳುವ ಬ್ಯಾಟರಿ ಇದ್ದರೆ ಆಯಿತು. ಶಾಸನಗಳ ಛಾಯಾಚಿತ್ರಗಳಿಗೆ ಪ್ರತ್ಯೇಕ ಡಿಸ್ಕ್ ಇರಲಿ. ವಿಂಡೋಸ್ 11ಕ್ಕೆ ಒಗ್ಗದ ಹಳೆಯ ಯಂತ್ರಕ್ಕೂ ಎಸ್‌ಎಸ್‌ಡಿ ಹಾಕಿಸಿ ಲಿನಕ್ಸ್ ಅಳವಡಿಸಿದರೆ ಇನ್ನೂ ಕೆಲವು ವರ್ಷ ಸೇವೆ ದೊರೆಯಬಹುದು. ಅಪರಿಗ್ರಹವನ್ನು ವ್ರತವಾಗಿ ಬೋಧಿಸುವ ಪರಂಪರೆಯವರಿಗೆ ಈ ಮಾರ್ಗ ಅಪರಿಚಿತವಾಗಿ ತೋರಲಾರದು.

ವ್ಯಕ್ತಿಗಳ ಪ್ರಯತ್ನವೊಂದೇ ಇದಕ್ಕೆ ಸಾಲದು. ವಿಶ್ವವಿದ್ಯಾಲಯಗಳು ಮಹಾಪ್ರಬಂಧಗಳ ಯೂನಿಕೋಡ್ ಪಠ್ಯವನ್ನು ಕಡ್ಡಾಯವಾಗಿ ಪಡೆದು ಸಂರಕ್ಷಿಸಬೇಕು. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲೇ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಸುತ್ತಲಿನ ತಾಲ್ಲೂಕುಗಳ ಹಿರಿಯ ಅಧ್ಯಾಪಕರ, ಮಠಮಾನ್ಯಗಳ, ಹವ್ಯಾಸಿ ಸಂಶೋಧಕರ ಹಳೆಯ ಕಡತಗಳನ್ನು ಪಡೆದು ಪರಿವರ್ತಿಸಿ, ತಿದ್ದಿ, ಮರಳಿಸುವ ಕಾರ್ಯವನ್ನು ಅಂಥ ಸಂಸ್ಥೆಯ ವಿದ್ಯಾರ್ಥಿಗಳಿಗೆ ವಹಿಸಿದರೆ ಅದು ಗ್ರಂಥಸಂಪಾದನೆಯ ಪ್ರತ್ಯಕ್ಷ ಶಿಕ್ಷಣವೂ ಆಗುತ್ತದೆ. ಆ ಕಡತಗಳ ಒಡೆಯರು ಇರುವಾಗಲೇ ಇದು ನಡೆಯಬೇಕು. ಅಸ್ಪಷ್ಟ ಅಕ್ಷರವೊಂದನ್ನು ಶಿಲೆಯ ಮೇಲೆ ತಾವು ಹೇಗೆ ಓದಿದ್ದೆವೆಂದು ಹೇಳಬಲ್ಲವರು ಅವರೊಬ್ಬರೇ.