ಮೊಳಕಾಲು ಬರಲಿಲ್ಲ

ಸಂಘದ ವಾರ್ಷಿಕೋತ್ಸವಕ್ಕೆ ಏಕೆ ಬರಲಿಲ್ಲವೆಂದು ಪರಿಚಿತರಾದ ಹಿರಿಯ ತಾಯಿಯೊಬ್ಬರನ್ನು ನಾವು ಕೇಳಿದೆವು. "ನಾನೇನೋ ಹೊರಟೇ ಇದ್ದೆ ತಮ್ಮಾ, ಮೊಳಕಾಲು ಬರಲಿಲ್ಲ" ಎಂದರು. ನಾವು ನಕ್ಕೆವು, ಅವರೂ ನಕ್ಕರು. ಮನೆಗೆ ಬಂದು ಯೋಚಿಸಿದಾಗ ಆ ನಗು ಉಳಿಯಲಿಲ್ಲ. ಡೊಂಬಿವಲಿಯಲ್ಲಿ ಲಿಫ್ಟಿಲ್ಲದ ಕಟ್ಟಡದ ಮೂರನೆಯ ಮಾಳಿಗೆ ಅವರದು. ಅದನ್ನಿಳಿದು ರಿಕ್ಷಾ ಹಿಡಿಯಬೇಕು, ನಿಲ್ದಾಣದ ಸೇತುವೆ ಹತ್ತಬೇಕು, ಜನರ ನೂಕಿನಲ್ಲಿ ಗಾಡಿಗೆ ಕಾಲೆತ್ತಿ ಇಡಬೇಕು, ಮಾಟುಂಗಾದಲ್ಲಿ ಮತ್ತೊಂದು ಸೇತುವೆ, ಕೊನೆಗೆ ಸಭಾಗೃಹದ ಮೆಟ್ಟಿಲು. ಈಗ ಅನೇಕ ನಿಲ್ದಾಣಗಳಿಗೆ ಲಿಫ್ಟು, ಎಸ್ಕಲೇಟರುಗಳು ಬಂದಿವೆ, ನಿಜ. ಮನೆಯ ಮೂರು ಮಾಳಿಗೆಗೆ ಬಂದಿಲ್ಲವಲ್ಲ! ಮುಂಬಯಿಯಲ್ಲಿ ಮೊಳಕಾಲು ಕೈಕೊಟ್ಟವರಿಗೆ ಊರಿಗೆ ಊರೇ ದೂರವಾಗುತ್ತದೆ.

ನಮ್ಮವರು ಎಲ್ಲ ಕೀಲುನೋವನ್ನೂ "ವಾತ" ಎಂಬ ಒಂದೇ ಗಂಟಿನಲ್ಲಿ ಕಟ್ಟಿ, ಮೇಲೆ ಮುಲಾಮು ಸವರಿ ಸುಮ್ಮನಾಗುವುದುಂಟು. ಮುಲಾಮಿನ ಮೇಲೆ ನಮಗೆ ಹಗೆಯಿಲ್ಲ. ಅಮೃತಾಂಜನ ಹುಟ್ಟಿದ್ದೇ ಈ ಮುಂಬಯಿಯಲ್ಲಿ, 1893ರಲ್ಲಿ. ಅದನ್ನು ತಂದವರು ತೆಲುಗು ನಾಡಿನಿಂದ ಇಲ್ಲಿಗೆ ಬಂದಿದ್ದ ಕಾಶೀನಾಥುನಿ ನಾಗೇಶ್ವರರಾಯರು. ಹೊಟ್ಟೆಪಾಡಿಗೆ ಬಂದವರ ನೋವು ಹಾಗೆಯೇ ಬಂದವರಿಗೆ ಗೊತ್ತಾಗಿರಬೇಕು. ಆದರೆ ಮುಲಾಮು ಚರ್ಮವನ್ನು ಬಿಸಿಮಾಡಿ ನೋವನ್ನು ತುಸು ಹೊತ್ತು ಮರೆಸೀತೇ ಹೊರತು, ಕೀಲಿನೊಳಗೆ ನಡೆದಿರುವುದು ಅದಕ್ಕೆ ತಿಳಿಯದು.

ಒಳಗೆ ನಡೆಯುವುದು ಎಲ್ಲರಿಗೂ ಒಂದೇ ಅಲ್ಲ. ವಯಸ್ಸಾದಂತೆ ಮೊಳಕಾಲಿನ ಮೃದ್ವಸ್ಥಿ ಸವೆದು ಬರುವ ನೋವು ಒಂದು ಬಗೆ. ಇನ್ನೊಂದು ಆಮವಾತ. ಇದರಲ್ಲಿ ಮೈಯನ್ನು ಕಾಯಬೇಕಾದ ಶಕ್ತಿಯೇ ತಿರುಗಿಬಿದ್ದು ಕೀಲುಗಳನ್ನು ಕೆಡಿಸುತ್ತದೆ. ಮೂವತ್ತು ನಲವತ್ತರಲ್ಲಿಯೇ ಬರಬಹುದು, ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಹೆಚ್ಚು. ಗುರುತಿಸಲು ಮನೆಯಲ್ಲಿಯೇ ಒಂದು ಉಪಾಯವುಂಟು. ಬೆಳಿಗ್ಗೆ ಎದ್ದಾಗಿನ ಬಿಗಿತ ಅರ್ಧ ಗಂಟೆಯೊಳಗೆ ಸಡಿಲವಾದರೆ ಬಹುಶಃ ಸವೆತ. ಗಂಟೆಗಟ್ಟಲೆ ಉಳಿದು, ಎರಡೂ ಕೈಗಳ ಬೆರಳ ಗಿಣ್ಣುಗಳು ಊದಿ ಬಿಸಿಯಾಗಿದ್ದರೆ ತಡಮಾಡದೆ ಸಂಧಿವಾತದ ತಜ್ಞರನ್ನು ಕಾಣಬೇಕು. ಕೀಲುಗಳು ಹೆಚ್ಚಾಗಿ ಹಾಳಾಗುವುದು ಮೊದಲ ಒಂದೆರಡು ವರ್ಷಗಳಲ್ಲಿಯೇ, ನಾವು ಮುಲಾಮು ಸವರುತ್ತ ಕೂತ ಕಾಲದಲ್ಲಿ.

ಇದನ್ನೆಲ್ಲ ನಾವು ಪುಸ್ತಕ ಓದಿ ಕಲಿತದ್ದಲ್ಲ. ನಮ್ಮ ತಾಯಿಯವರಿಗೆ ಇರುವುದು ಆಮವಾತವೇ. ತಜ್ಞರು ಎರಡು ಗುಳಿಗೆ ಬರೆದುಕೊಟ್ಟರು: ವಾರಕ್ಕೊಮ್ಮೆ, ಆದಿತ್ಯವಾರ ಮಾತ್ರ, ಮೆಥೊಟ್ರೆಕ್ಸೇಟ್, ಉಳಿದ ದಿನಗಳಲ್ಲಿ ಫೋಲಿಕ್ ಆಮ್ಲ. ಎರಡೂ ಹಳದಿ, ಎರಡೂ ಸಣ್ಣವು. ಔಷಧದ ಚೀಟಿಯನ್ನು ಓದಿ ತಾಯಿಗೆ ಹೇಳಿಕೊಟ್ಟವರು ನಾವೇ. ಕಚೇರಿಯಲ್ಲಿ ದಿನವೆಲ್ಲ ಅನ್ಯರ ಕಡತಗಳಲ್ಲಿ ತಪ್ಪು ಹುಡುಕುವ ನಾವು ಮನೆಯ ಚೀಟಿಯನ್ನು ಅವಸರದಲ್ಲಿ ತಿರುವುಮುರುವಾಗಿ ಓದಿದೆವು. ವಾರಕ್ಕೊಮ್ಮೆಯದನ್ನು ತಾಯಿ ದಿನವೂ ನುಂಗಿದರು. ಬಾಯಿ ಹುಣ್ಣಾಯಿತು, ಉಷ್ಣವೆಂದು ಮಜ್ಜಿಗೆ ಕೊಟ್ಟೆವು. ಜ್ವರ ಬಂತು, ಹವೆ ಬದಲಾದದ್ದೆಂದೆವು. ಎರಡೂವರೆ ತಿಂಗಳಿಗೆ ಬರಬೇಕಾದ ಹತ್ತು ಗುಳಿಗೆಯ ಪಟ್ಟಿ ಎರಡು ವಾರ ತುಂಬುವ ಮೊದಲೇ ಬರಿದಾದದ್ದನ್ನು ನಮ್ಮ ಮನೆಯವರು ನೋಡಿ, "ಇದೇನ್ರೀ?" ಎಂದು ಕೈಯಲ್ಲಿ ಹಿಡಿದು ನಿಂತಾಗ ನಮ್ಮ ಜಂಘಾಬಲವೇ ಉಡುಗಿತು.

ಆ ರಾತ್ರಿಯೇ ಆಸ್ಪತ್ರೆಗೆ ಸೇರಿಸಿದೆವು. ರಕ್ತದಲ್ಲಿ ಬಿಳಿಯ ಕಣಗಳು ತೀರ ಇಳಿದಿದ್ದವು. ಫೋಲಿನಿಕ್ ಆಮ್ಲದ ಸೂಜಿಮದ್ದು ಕೊಟ್ಟರು. ಎಂಟು ದಿನ ನಾವು ಹೊರಗಿನ ಬೆಂಚಿನ ಮೇಲೆ ಕಳೆದೆವು. ದೇವರು ದೊಡ್ಡವನು, ಅಲ್ಲಿನ ವೈದ್ಯರೂ ಸಾಮಾನ್ಯರಲ್ಲ, ತಾಯಿ ಉಳಿದರು. ಔಷಧ ಕೆಟ್ಟದ್ದಲ್ಲ. ಆಮವಾತಕ್ಕೆ ಅದು ಮೊದಲ ಸಾಲಿನ ಮದ್ದು. ಆಗಾಗ ರಕ್ತಪರೀಕ್ಷೆ ಮಾಡಿಸುತ್ತ ತೆಗೆದುಕೊಂಡವರು ಎಷ್ಟೋ ವರ್ಷ ಚೆನ್ನಾಗಿದ್ದಾರೆ. ಕೆಟ್ಟದ್ದು ನಮ್ಮ ಅವಸರ. ಹಾಗೆಯೇ ಅಂಗಡಿಯಿಂದ ಕೇಳಿ ತಂದ ನೋವಿನ ಗುಳಿಗೆಯನ್ನು ತಿಂಗಳುಗಟ್ಟಲೆ ನುಂಗುವವರು ನಮ್ಮಲ್ಲಿ ಬಹಳ. ಅದು ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಸುರಿಸೀತು, ಮೂತ್ರಪಿಂಡವನ್ನೂ ಕೆಡಿಸೀತು. ಹೆಸರಿಲ್ಲದ ಪುಡಿಯ ಪೊಟ್ಟಣ ಕೊಟ್ಟು "ಮೂರೇ ದಿನದಲ್ಲಿ ಗುಣ" ಎನ್ನುವವರಿಂದಲಂತೂ ದೂರವಿರಿ. ಅಂಥ ಪುಡಿಗಳಲ್ಲಿ ಸ್ಟಿರಾಯ್ಡು ಬೆರೆಸಿರುವುದು ಹೊಸ ಸಂಗತಿಯಲ್ಲ.

ಸವೆತದ ಮೊಳಕಾಲಿಗೆ ಮದ್ದಿಗಿಂತ ಹೆಚ್ಚು ಸುಖ ಕೊಡುವುದು ತೊಡೆಯ ಸ್ನಾಯುವಿನ ಬಲ. ಕುರ್ಚಿಯ ಮೇಲೆ ಕೂತು ಒಂದು ಕಾಲನ್ನು ನೆಟ್ಟಗೆ ಚಾಚಿ, ಐದು ಎಣಿಸುವವರೆಗೆ ಹಿಡಿದು ಇಳಿಸಿ. ಹತ್ತು ಸಲ, ಆಮೇಲೆ ಇನ್ನೊಂದು ಕಾಲು. ಇದಕ್ಕೆ ಹಣ ಬೇಡ, ಜಾಗ ಬೇಡ. ಆದ್ದರಿಂದಲೇ ಯಾರೂ ಮಾಡುವುದಿಲ್ಲ. ಮೈಭಾರವೂ ಇಳಿಯಬೇಕು. ಅಮೆರಿಕದಲ್ಲಿ 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಲೆಕ್ಕದಂತೆ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮೊಳಕಾಲಿನ ಮೇಲಿನ ಹೊರೆ ನಾಲ್ಕು ಕಿಲೋದಷ್ಟು ಇಳಿಯುತ್ತದೆ. ನೆಲದ ಮೇಲೆ ಈಳಿಗೆಮಣೆ ಹಾಕಿ ಕೂರುವುದನ್ನು ಬಿಟ್ಟು ಮೇಜಿನ ಮೇಲೆ ತರಕಾರಿ ಹೆಚ್ಚಲಿ. ಇನ್ನು ಊರುಗೋಲು: ನೋಯುವ ಕಾಲಿನ ಕಡೆಯ ಕೈಯಲ್ಲಿ ಅಲ್ಲ, ಅದರ ಎದುರು ಕೈಯಲ್ಲಿ ಹಿಡಿಯಬೇಕು. ಇದು ತಿಳಿಯದೆ ನಮ್ಮ ನೆರೆಯವರೊಬ್ಬರು ವರ್ಷವಿಡೀ ಕೋಲಿಗೇ ಬೈಯುತ್ತಿದ್ದರು.

ಇದಾವುದರಿಂದಲೂ ಆಗದಿದ್ದರೆ ಶಸ್ತ್ರಕ್ರಿಯೆಯುಂಟು. ಪ್ರಧಾನಿ ವಾಜಪೇಯಿಯವರು 2000ದ ಅಕ್ಟೋಬರಿನಲ್ಲಿ ಎಡ ಮೊಳಕಾಲನ್ನೂ 2001ರ ಜೂನಿನಲ್ಲಿ ಬಲ ಮೊಳಕಾಲನ್ನೂ ಬದಲಿಸಿಕೊಂಡದ್ದು ನಮ್ಮ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ. ಮಾಡಿದವರು ನ್ಯೂಯಾರ್ಕಿನಿಂದ ಬಂದ ಡಾಕ್ಟರ್ ಚಿತ್ತರಂಜನ ರಾಣಾವತರು. ಪ್ರಧಾನಿಗೆ ಸರಿ, ಗುಮಾಸ್ತನಿಗೆ? 2017ರ ಆಗಸ್ಟಿನಲ್ಲಿ ಕೇಂದ್ರ ಸರಕಾರವು ಹೆಚ್ಚು ಬಳಕೆಯ ಕೋಬಾಲ್ಟ್ ಕ್ರೋಮಿಯಮ್ ಕೀಲಿಗೆ 54,720 ರೂಪಾಯಿಯ ಮಿತಿ ಹಾಕಿ ಬೆಲೆಯನ್ನು ಬಹಳ ಇಳಿಸಿತು. ಅದು ಕೀಲಿನ ಬೆಲೆ ಮಾತ್ರ. ಕೋಣೆ, ವೈದ್ಯರು, ವ್ಯಾಯಾಮದವರ ಖರ್ಚು ಬೇರೆ; ಒಪ್ಪುವ ಮೊದಲು ಎಲ್ಲವನ್ನೂ ಬರೆಯಿಸಿಕೊಳ್ಳುವುದು ಒಳ್ಳೆಯದು.

ನಮ್ಮ ತಾಯಿಯವರಿಗೆ ಈಗ ಬೆರಳು ಮಡಿಚಲು ಬರುತ್ತದೆ. ಮೊನ್ನೆ ತಾವೇ ಚಪಾತಿ ಲಟ್ಟಿಸಿದರು. ವಾರದ ಗುಳಿಗೆಯನ್ನು ಬೇರೆ ಡಬ್ಬಿಯಲ್ಲಿಟ್ಟು ಮೇಲೆ ದಪ್ಪಕ್ಷರದಲ್ಲಿ "ಆದಿತ್ಯವಾರ" ಎಂದು ಬರೆದಿದ್ದೇವೆ, ಕೀಲಿ ನಮ್ಮ ಮನೆಯವರ ಬಳಿ. ಆದಿತ್ಯವಾರ ನಾವು ತಡವಾಗಿ ಎದ್ದರೆ ತಾಯಿ ಒಳಗಿನಿಂದಲೇ ಕೂಗುತ್ತಾರೆ: "ಇವತ್ತು ಯಾವ ವಾರವೋ? ಚೀಟಿ ನೋಡಬೇಡ, ಕ್ಯಾಲೆಂಡರ್ ನೋಡಿ ಹೇಳು!"