ಸಾಲದ ಕಾಗದ ಕನ್ನಡದಲ್ಲೇ ಕೇಳೋಣ



ಹೋದ ತಿಂಗಳು ಅಕ್ಕಲಕೋಟೆ ತಾಲೂಕಿನ ನಮ್ಮ ಬ್ರಾಂಚಿಗೆ ಒಬ್ಬ ಕಿರಾಣಿ ಅಂಗಡಿ ಕಾಕಾ ಬಂದಿದ್ರು. ಪೇಮೆಂಟ್ ಆ್ಯಪ್‌ನಾಗ ಸಾಲ ತಗೊಂಡಿದ್ರು. "40 ಸಾವಿರ ಅಂದ್ರು, ಖಾತೆಗೆ 39,200 ಬಂತು. ದಿನಾ 240 ರೂಪಾಯಿ ಹಿಡೀತಾರ. ಇನ್ನ ಎಷ್ಟು ಉಳದೈತಿ ನೋಡ್ರಿ ಸಾಹೇಬ್ರ" ಅಂದ್ರು. ಸಾಲ ಕೊಟ್ಟದ್ದು ನಮ್ಮ ಬ್ಯಾಂಕಲ್ಲ. ಆದರೂ ಫೋನ್ ತಗೊಂಡು ನೋಡಿದೆ. ಆ್ಯಪ್ ಮರಾಠಿಯಲ್ಲಿತ್ತು, ಸಾಲದ ಕರಾರು ಇಂಗ್ಲಿಷಿನಲ್ಲಿ. ಕಾಕಾ ಓದಿದ್ದು ಊರಿನ ಕನ್ನಡ ಶಾಲೆಯಲ್ಲಿ, ಏಳನೇತ್ತೆ ತನಕ.

ಲೆಕ್ಕ ಹಾಕಿದ್ವಿ. 180 ದಿನಕ್ಕೆ 43,200. "ಮ್ಯಾಲ ಬರೇ ಮೂರು ಸಾವಿರ ಚಿಲ್ರಿ ಅಲ್ಲೇನ್ರಿ" ಅನ್ನೋದು ಕಾಕಾನ ಎಣಿಕೆ. ಆದರೆ ಅಸಲು ದಿನಾ ಕರಗ್ತಾ ಹೋಗುತ್ತೆ. ಮುರಿದುಕೊಂಡ 800 ರೂಪಾಯಿ ಪ್ರೊಸೆಸಿಂಗ್ ಫೀ ಸೇರಿಸಿದರೆ ವರ್ಷಕ್ಕೆ ಸುಮಾರು ಶೇ. 40 ಬೀಳುತ್ತೆ. ಕಾಕಾ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಈ ಕಂಪನಿಗಳು ಸಾಲದ ಹಿಂದೆ ಯಾಕೆ ಬಿದ್ದಿವೆ? 2020ರ ಜನವರಿಯಿಂದ ಯುಪಿಐ ಪಾವತಿಗೆ ಅಂಗಡಿಯವರಿಂದ ಎಂಡಿಆರ್ ಶುಲ್ಕ ವಸೂಲಿ ಮಾಡೋ ಹಾಗಿಲ್ಲ. ಹಾಗಾಗಿ ಗಳಿಕೆ ಬರಬೇಕಾದ್ದು ಸೌಂಡ್‌ಬಾಕ್ಸಿನ ಬಾಡಿಗೆಯಿಂದ, ಸಾಲದಿಂದ, ವಿಮೆಯಿಂದ. ಆ್ಯಪ್ ಬರೀ ಮಧ್ಯವರ್ತಿ, ಸಾಲ ಕೊಡೋದು ಅದರ ಹಿಂದಿರುವ ಬ್ಯಾಂಕು ಅಥವಾ ಎನ್‌ಬಿಎಫ್‌ಸಿ. ಅದು ತಪ್ಪಲ್ಲ. ತಿಳಿಯದ ಭಾಷೆಯಲ್ಲಿ ಒಪ್ಪಿಗೆ ಒತ್ತಿಸಿಕೊಳ್ಳೋದು ತಪ್ಪು.

ಕನ್ನಡ ಇಲ್ಲ ಅಂತ ಹೇಳೋಕೂ ಆಗಲ್ಲ. ಭೀಮ್ ಆ್ಯಪ್‌ನಲ್ಲಿ ಕನ್ನಡ ಇದೆ. ಫ್ಲಿಪ್‌ಕಾರ್ಟ್, ಅಮೆಜಾನ್ ಎರಡೂ 2020ರಲ್ಲೇ ಕನ್ನಡ ತಂದವು. (ಅನುವಾದ ಓದಿ ತಲೆಕೆಟ್ಟು ನಾವೇ ವಾಪಸ್ ಇಂಗ್ಲಿಷಿಗೆ ಹೋಗ್ತೀವಿ, ಅದು ಬೇರೆ ಮಾತು.) ಆದರೆ ಅಂಗಡಿಗೆ ಕ್ಯೂಆರ್ ಅಂಟಿಸೋಕೆ ಬಂದ ಹುಡುಗ ತನಗೆ ಬರೋ ಭಾಷೆ ಹಾಕಿಕೊಟ್ಟು ಹೋಗ್ತಾನೆ. ಯಾರೂ ಕೇಳಲ್ಲ, ಅದೇ ಉಳಿಯುತ್ತೆ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಬ್ಯಾಂಕಿನ ಚಲನ್, ಅರ್ಜಿ ಎಲ್ಲ ಹಿಂದಿ, ಇಂಗ್ಲಿಷ್ ಮತ್ತು ಆಯಾ ಪ್ರದೇಶದ ಭಾಷೆಯಲ್ಲಿರಬೇಕು ಅನ್ನೋದು ಹಳೇ ನಿಯಮ. ಪ್ರದೇಶದ ಭಾಷೆ ಅಂದ್ರೆ ರಾಜ್ಯದ ಭಾಷೆ ಅಂತ ಹಿಡೀತಾರೆ. ಹಂಗಾಗಿ ಅಕ್ಕಲಕೋಟೆಯಲ್ಲಿ ಮರಾಠಿ, ಕಾಸರಗೋಡಿನಲ್ಲಿ ಮಲಯಾಳ, ತಾಳವಾಡಿಯಲ್ಲಿ ತಮಿಳು. ನಮಗೆ ಜಾಗವೇ ಇಲ್ಲ.

ಆದರೆ ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್ 15ರಂದು ಒಂದು ಸುತ್ತೋಲೆ ಹೊರಡಿಸ್ತು. 2024ರ ಅಕ್ಟೋಬರ್ 1ರಿಂದ ಕೊಡುವ ಹೊಸ ರಿಟೇಲ್ ಮತ್ತು ಎಂಎಸ್‌ಎಂಇ ಅವಧಿ ಸಾಲಗಳಿಗೆಲ್ಲ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಕೊಡಲೇಬೇಕು. ಬಡ್ಡಿ, ಫೀ ಎಲ್ಲ ಸೇರಿದ ವಾರ್ಷಿಕ ದರ, ಅಂದ್ರೆ ಎಪಿಆರ್, ಅದರಲ್ಲಿ ಇರಬೇಕು. ಅದು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ವಿವರಿಸಿ ಹೇಳಬೇಕು, ತಿಳೀತು ಅಂತ ಅವನಿಂದ ಬರೆಸಿಕೊಳ್ಳಬೇಕು. ಅದರಲ್ಲಿ ನಮೂದಿಸದ ಫೀಯನ್ನು ಆಮೇಲೆ ಅವನ ಸ್ಪಷ್ಟ ಒಪ್ಪಿಗೆ ಇಲ್ಲದೆ ಹಾಕೋ ಹಾಗಿಲ್ಲ.

ಗಮನಿಸಿ. ಇಲ್ಲಿ ರಾಜ್ಯದ ಭಾಷೆ ಅಂತಿಲ್ಲ, ಸಾಲಗಾರನ ಭಾಷೆ ಅಂತಿದೆ. ಮಡಕಶಿರಾದ ಹೋಟೆಲಿನವರಾಗಲಿ, ಜತ್ತಿನ ಹೊಲಿಗೆ ಅಕ್ಕನಾಗಲಿ, ನನಗೆ ಕನ್ನಡ ತಿಳಿಯುತ್ತೆ, ಕನ್ನಡದಲ್ಲಿ ಕೊಡಿ ಅನ್ನಬಹುದು. ನಮ್ಮಂಥ ಬ್ಯಾಂಕಿನವರಿಗೂ ಇದು ಅನ್ವಯ. ಸಹಿ ಎಲ್ಲಿ ಅಂತ ಬೆರಳು ತೋರಿಸಿ ಪೆನ್ನು ಕೊಡೋ ರೂಢಿ ನಮ್ಮಲ್ಲೂ ಇದೆ, ಮುಚ್ಚಿಡಲ್ಲ.

ನಿಮ್ಮ ಅಪ್ಪನ, ಚಿಕ್ಕಪ್ಪನ ಅಂಗಡಿಯ ಫೋನ್ ಇವತ್ತು ಸಂಜೆ ಒಮ್ಮೆ ತೆಗೆದು ನೋಡಿ. ಭಾಷೆ ಬದಲಿಸಿ. ಸಾಲ ಇದ್ದರೆ ಆ ಸ್ಟೇಟ್‌ಮೆಂಟ್ ಹುಡುಕಿ ಎಪಿಆರ್ ಓದಿ ಹೇಳಿ. ಕನ್ನಡದಲ್ಲಿ ಕೊಟ್ಟಿಲ್ಲ ಅಂದ್ರೆ ಸಾಲ ಕೊಟ್ಟ ಕಂಪನಿಗೆ ಬರೆದು ಕೇಳಿ, ಬರೆದದ್ದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಮಾಹಿತಿಗೆ 14448ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೂ ಮಾತಾಡ್ತಾರೆ.

ಕಾಕಾನ ಪತ್ರ ಕನ್ನಡದಲ್ಲೇ ಬರೆದ್ವಿ, ಅವರೇ ಸಹಿ ಹಾಕಿದ್ರು. ಕಳಿಸಿ 11 ದಿನ ಆಯ್ತು. ಉತ್ತರ ಬಂದ ದಿನ ಇಲ್ಲೇ ಹಾಕ್ತೀನಿ.